ಸರ್ಟಿಫಿಕೇಟ್ ಇದೆ, ಎಲ್‌ಎಂಎಸ್ ಪುಟ ಖಾಲಿ: ಉಪನ್ಯಾಸಕರಿಗೆ ಎಂಥ ಇ-ಕಲಿಕೆ ತರಬೇತಿ ಬೇಕು?

ಯಾವ ಪದವಿ ಕಾಲೇಜಿನ ಸ್ಟಾಫ್ ರೂಮಿಗೆ ಹೋದರೂ ಇ-ಕಲಿಕೆಯ ಬಗ್ಗೆ ಒಂದಾದರೂ ತರಬೇತಿ ಮುಗಿಸಿದ ಉಪನ್ಯಾಸಕರು ಸಿಗುತ್ತಾರೆ. ಕೆಲವರು ಎಫ್‌ಡಿಪಿ (ಅಧ್ಯಾಪಕರ ಅಲ್ಪಾವಧಿ ತರಬೇತಿ) ಮಾಡಿರುತ್ತಾರೆ, ಕೆಲವರು ಆನ್‌ಲೈನ್ ರಿಫ್ರೆಶರ್ ಕೋರ್ಸ್ ಮುಗಿಸಿರುತ್ತಾರೆ. ಕೊರೊನಾ ಕಾಲದ ವೆಬಿನಾರ್ ಸರ್ಟಿಫಿಕೇಟುಗಳಂತೂ ಒಂದು ಫೋಲ್ಡರ್ ತುಂಬ ಇರುತ್ತವೆ. ಈಗ ಅದೇ ಕಾಲೇಜಿನ ಎಲ್‌ಎಂಎಸ್ (ಆನ್‌ಲೈನ್ ಕಲಿಕೆಯ ತಾಣ) ತೆರೆದು ನೋಡಿ. ಬಹಳಷ್ಟು ಕಡೆ ಕಾಣುವುದು ಒಂದು ಸಿಲಬಸ್ ಪಿಡಿಎಫ್, ಎರಡು ಪಿಪಿಟಿ, ಹೋದ ವರ್ಷದ ಪ್ರಶ್ನೆಪತ್ರಿಕೆ. ವಿದ್ಯಾರ್ಥಿ ಅಲ್ಲಿಗೆ ಬಂದು ಮಾಡುವಂಥ ಕೆಲಸ ಏನೂ ಇರುವುದಿಲ್ಲ.

ಇದಕ್ಕೆ ಉಪನ್ಯಾಸಕರ ಸೋಮಾರಿತನ ಕಾರಣ ಅಂತ ಹೇಳಿಬಿಡುವುದು ಸುಲಭ. ನಾನು ಹಾಗೆ ಭಾವಿಸುವುದಿಲ್ಲ. ತರಬೇತಿಗಳು ಕಲಿಸಿದ್ದು ಒಂದು, ತರಗತಿಗೆ ಬೇಕಾಗಿದ್ದು ಇನ್ನೊಂದು. ಈ ಅಂತರ ಎಲ್ಲಿಂದ ಬಂತು, ಈಗ ಎಂಥ ಸಂಪನ್ಮೂಲಗಳು ಸಿಗುತ್ತವೆ, ಅವುಗಳಲ್ಲಿ ಯಾವುದು ನಿಜಕ್ಕೂ ಕೆಲಸಕ್ಕೆ ಬರುತ್ತದೆ ಅಂತ ಬಿಡಿಸಿ ನೋಡೋಣ.

ಮೊದಲು ಎಲ್‌ಎಂಎಸ್ ಅಂದರೇನು ಅಂತ ಒಂದು ಮಾತು. ನೋಟ್ಸ್, ಕ್ವಿಜ್, ಅಸೈನ್‌ಮೆಂಟ್, ಚರ್ಚೆ, ಅಂಕ ಎಲ್ಲವೂ ಒಂದೇ ಕಡೆ ಸಿಗುವ ವ್ಯವಸ್ಥೆ ಅದು. ಮೂಡಲ್ ಮತ್ತು ಗೂಗಲ್ ಕ್ಲಾಸ್‌ರೂಮ್ ಎಲ್ಲರಿಗೂ ಗೊತ್ತಿರುವ ಹೆಸರುಗಳು. ಕರ್ನಾಟಕ ಸರ್ಕಾರವೂ 2021ರಲ್ಲಿ ಸರ್ಕಾರಿ ಪದವಿ ಕಾಲೇಜು, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ತನ್ನದೇ ಎಲ್‌ಎಂಎಸ್ ಶುರು ಮಾಡಿತು. ಅಂದರೆ ಉಪಕರಣಕ್ಕೆ ಕೊರತೆಯಿಲ್ಲ.

ಕೊರತೆ ಎಲ್ಲಿದೆ ಅಂತ ತಿಳಿಯಲು 1986ಕ್ಕೆ ಹೋಗಬೇಕು. ಆ ವರ್ಷ ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ ಒಂದು ಮುಖ್ಯವಾದ ಮಾತು ಹೇಳಿದರು. ವಿಷಯ ಗೊತ್ತಿರುವುದು ಬೇರೆ, ಪಾಠ ಮಾಡುವ ಸಾಮಾನ್ಯ ಕಲೆ ಗೊತ್ತಿರುವುದು ಬೇರೆ. ಇವೆರಡೂ ಸೇರುವ ಜಾಗದಲ್ಲಿ ಮೂರನೆಯ ಒಂದು ತಿಳಿವಳಿಕೆ ಇದೆ. ಈ ವಿಷಯದ ಈ ಭಾಗದಲ್ಲಿ ವಿದ್ಯಾರ್ಥಿ ಎಲ್ಲಿ ಎಡವುತ್ತಾನೆ, ಅವನಿಗೆ ಯಾವ ಉದಾಹರಣೆ ಕೊಟ್ಟರೆ ಅರ್ಥವಾಗುತ್ತದೆ ಎಂಬ ತಿಳಿವಳಿಕೆ ಅದು. ಹಳೆಯ ಮೇಷ್ಟ್ರುಗಳಲ್ಲಿ ಇದು ದಂಡಿಯಾಗಿ ಇರುತ್ತದೆ. 2006ರಲ್ಲಿ ಪುನ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ ಇದಕ್ಕೆ ತಂತ್ರಜ್ಞಾನವನ್ನೂ ಸೇರಿಸಿದರು. ಆ ಚೌಕಟ್ಟಿಗೆ ಟಿಪ್ಯಾಕ್ ಅಂತ ಹೆಸರು. ವಿಷಯ, ಬೋಧನೆ, ತಂತ್ರಜ್ಞಾನ ಮೂರೂ ಒಂದಕ್ಕೊಂದು ಬೆರೆತಾಗ ಮಾತ್ರ ಇ-ಕಲಿಕೆ ಪಾಠವಾಗುತ್ತದೆ ಅನ್ನುವುದು ಅದರ ಸಾರ.

ಇದನ್ನು ಒಂದು ಉದಾಹರಣೆಯಲ್ಲಿ ಹತ್ತಿರದಿಂದ ನೋಡಬಹುದು. ಬಿ.ಕಾಂ. ಮೊದಲ ಸೆಮಿಸ್ಟರ್‌ನ ಅಕೌಂಟೆನ್ಸಿ ಉಪನ್ಯಾಸಕಿಯೊಬ್ಬರು ಮೂಡಲ್‌ನಲ್ಲಿ ಒಂದು ಪ್ರಶ್ನೆ ಹಾಕಬೇಕು ಅಂದುಕೊಳ್ಳಿ. ಪ್ರಶ್ನೆ ಇಷ್ಟೇ: ಸುರೇಶನಿಗೆ 5,000 ರೂಪಾಯಿಯ ಸರಕನ್ನು ಸಾಲಕ್ಕೆ ಮಾರಲಾಯಿತು, ಸರಿಯಾದ ಜರ್ನಲ್ ಎಂಟ್ರಿ ಯಾವುದು? ಸರಿ ಉತ್ತರ ಎಲ್ಲ ಕಾಮರ್ಸ್ ಮೇಷ್ಟ್ರಿಗೂ ಗೊತ್ತು: ಸುರೇಶನ ಖಾತೆ ಡೆಬಿಟ್, ಸೇಲ್ಸ್ ಖಾತೆ ಕ್ರೆಡಿಟ್. ‘ಮಲ್ಟಿಪಲ್ ಚಾಯ್ಸ್’ ಆರಿಸಿ, ಪ್ರಶ್ನೆ ಟೈಪ್ ಮಾಡಿ, ಸರಿ ಉತ್ತರಕ್ಕೆ ನೂರು ಪರ್ಸೆಂಟ್ ಕೊಟ್ಟು ಸೇವ್ ಮಾಡುವುದನ್ನು ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಕಲಿಯಬಹುದು. ಬಹಳಷ್ಟು ತರಬೇತಿಗಳು ಇಲ್ಲಿಗೇ ನಿಲ್ಲುತ್ತವೆ.

ನಿಜವಾದ ಕೆಲಸ ತಪ್ಪು ಉತ್ತರಗಳಲ್ಲಿದೆ. ಬಾಯಿಗೆ ಬಂದ ಮೂರು ಆಯ್ಕೆ ಕೊಟ್ಟರೆ ಆ ಪ್ರಶ್ನೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ವಿದ್ಯಾರ್ಥಿಗಳು ನಿಜಕ್ಕೂ ಮಾಡುವ ತಪ್ಪುಗಳನ್ನೇ ಆಯ್ಕೆಗಳಾಗಿ ಇಡಬೇಕು. ಕೆಲವರು ‘ಮಾರಿದೆವು’ ಅಂದ ತಕ್ಷಣ ಕ್ಯಾಶ್ ಖಾತೆಯನ್ನು ಡೆಬಿಟ್ ಮಾಡುತ್ತಾರೆ. ಕೆಲವರು ಸೇಲ್ಸ್ ಡೆಬಿಟ್, ಸುರೇಶ ಕ್ರೆಡಿಟ್ ಅಂತ ತಿರುಗುಮುರುಗು ಬರೆಯುತ್ತಾರೆ. ಇನ್ನು ಕೆಲವರು ಸುರೇಶನನ್ನು ಸರಿಯಾಗಿ ಡೆಬಿಟ್ ಮಾಡಿ, ಕ್ರೆಡಿಟ್‌ಗೆ ಮಾತ್ರ ಕ್ಯಾಶ್ ಬರೆಯುತ್ತಾರೆ. ಮೂರೂ ಬೇರೆ ಬೇರೆ ಗೊಂದಲಗಳು. ಮೂಡಲ್‌ನಲ್ಲಿ ಪ್ರತಿ ಆಯ್ಕೆಯ ಕೆಳಗೆ ‘ಫೀಡ್‌ಬ್ಯಾಕ್’ ಅಂತ ಒಂದು ಡಬ್ಬಿ ಇರುತ್ತದೆ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ. ಆ ಉಪನ್ಯಾಸಕಿ ಅಲ್ಲಿ ಹೀಗೆ ಬರೆದರೆ ಹೇಗಿರುತ್ತದೆ ನೋಡಿ. ಮೊದಲ ತಪ್ಪಿಗೆ: ‘ಮಾರಿದ್ದು ನಿಜ, ಆದರೆ ದುಡ್ಡು ಕೈಗೆ ಬಂತಾ?’ ಎರಡನೆಯದಕ್ಕೆ: ‘ಸರಕು ಪಡೆದವರು ಯಾರು? ಪಡೆದವರನ್ನು ಏನು ಮಾಡಬೇಕು?’ ಮೂರನೆಯದಕ್ಕೆ: ‘ಅರ್ಧ ಸರಿ ಇದೆ. ನಮ್ಮಿಂದ ಹೋದದ್ದು ದುಡ್ಡಾ, ಸರಕಾ?’

ರಾತ್ರಿ ಹಾಸ್ಟೆಲ್‌ನಲ್ಲಿ ಕೂತ ವಿದ್ಯಾರ್ಥಿಗೆ ಆ ಒಂದು ಸಾಲು ಮೇಷ್ಟ್ರೇ ಪಕ್ಕ ಬಂದು ಕೇಳಿದಂತೆ ತಲುಪುತ್ತದೆ. ಯಾವ ಆಯ್ಕೆಯನ್ನು ಎಷ್ಟು ಜನ ಒತ್ತಿದರು ಅಂತ ಎಲ್‌ಎಂಎಸ್ ಲೆಕ್ಕವನ್ನೂ ಕೊಡುತ್ತದೆ. ಅರ್ಧ ಕ್ಲಾಸು ಕ್ಯಾಶ್ ಡೆಬಿಟ್ ಮಾಡಿದೆ ಅಂತ ಗೊತ್ತಾದರೆ ಬೆಳಗಿನ ಪಾಠ ಎಲ್ಲಿಂದ ಶುರುವಾಗಬೇಕು ಅನ್ನುವುದೂ ಗೊತ್ತಾದಂತೆ, ಅಲ್ವಾ? ಇಲ್ಲಿ ಬಳಕೆಯಾದ ಸಾಫ್ಟ್‌ವೇರ್ ಜ್ಞಾನ ತೀರಾ ಕಡಿಮೆ. ಆ ತಪ್ಪುಗಳು ಯಾವುವು ಅಂತ ಗೊತ್ತಿರುವುದು ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದ ಉಪನ್ಯಾಸಕಿಗೆ ಮಾತ್ರ. ‘ನಮಗೆ ಕಂಪ್ಯೂಟರ್ ಬರಲ್ಲ’ ಅಂತ ಹಿಂದೆ ಸರಿಯುವ ಹಿರಿಯ ಉಪನ್ಯಾಸಕರ ಹತ್ತಿರವೇ ಇ-ಕಲಿಕೆಗೆ ಬೇಕಾದ ಬೆಲೆಬಾಳುವ ಸರಕು ಇದೆ ಅಂತ ನಾನು ನಂಬಿರುವುದು ಇದಕ್ಕೇ. ಒಳ್ಳೆಯ ತರಬೇತಿ ಆ ಸರಕನ್ನು ಹೊರಗೆ ತೆಗೆಸಬೇಕು.

ಈಗ ಏನೇನು ಸಿಗುತ್ತದೆ ಅಂತ ನೋಡೋಣ.

ನಮ್ಮ ದೇಶದಲ್ಲಿ ಕಾಲೇಜು ಅಧ್ಯಾಪಕರ ತರಬೇತಿಗೆ ಒಂದು ಹಳೆಯ ಜಾಲವೇ ಇದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಶುರು ಮಾಡಿತು. ಬೆಂಗಳೂರು, ಮೈಸೂರು, ಧಾರವಾಡದವರಿಗೆ ಇವು ಪರಿಚಿತ. ಆಮೇಲೆ ಇವು ಎಚ್‌ಆರ್‌ಡಿಸಿ (ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ) ಆದವು. 2023ರಲ್ಲಿ ಅಧ್ಯಾಪಕರ ತರಬೇತಿಗೆಂದೇ ಮಾಳವೀಯ ಮಿಷನ್ ಬಂದ ಮೇಲೆ ಹೆಸರು ಮತ್ತೆ ಬದಲಾಯಿತು. ಈ ಮಿಷನ್ನಿನ ಆನ್‌ಲೈನ್ ಓರಿಯೆಂಟೇಶನ್‌ನಲ್ಲಿ ಎಂಟು ವಿಷಯಗಳಿವೆ. ಅದರಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವೂ (ಐಸಿಟಿ) ಒಂದು. ಪರಿಚಯಕ್ಕೆ ಸಾಕು. ಎಂಟರಲ್ಲಿ ಒಂದು ವಿಷಯವಾಗಿ ಬಂದುಹೋದರೆ ಕೈಗೆ ರೂಢಿ ಬರುವುದು ಕಷ್ಟ.

ಎರಡನೆಯದು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ‘ಸ್ವಯಂ’. 2017ರ ಜುಲೈಯಲ್ಲಿ ಶುರುವಾದ ಈ ವೇದಿಕೆಯಲ್ಲಿ ಪ್ರತಿ ಕೋರ್ಸಿಗೂ ನಾಲ್ಕು ಭಾಗಗಳಿರಬೇಕು: ವಿಡಿಯೊ, ಓದುವ ಸಾಮಗ್ರಿ, ಚರ್ಚೆಯ ಜಾಗ, ಸ್ವಂತ ಪರೀಕ್ಷೆ. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನಲ್ಲಿ ಕಾಲೇಜು ಕಲಿಸುವ ಕೋರ್ಸುಗಳ ಶೇ. 40ರವರೆಗೆ ವಿದ್ಯಾರ್ಥಿಗಳು ಸ್ವಯಂನಿಂದ ಕ್ರೆಡಿಟ್ ಪಡೆಯಬಹುದು. ಹೀಗಾಗಿ ಉಪನ್ಯಾಸಕರು ಈ ವೇದಿಕೆಯ ಒಳಹೊರಗು ತಿಳಿಯಲೇಬೇಕಾಗಿದೆ. ಅವರಿಗಾಗಿಯೇ 2018ರಲ್ಲಿ ಸ್ವಯಂನಲ್ಲಿ ‘ಅರ್ಪಿತ್’ ಹೆಸರಿನ ರಿಫ್ರೆಶರ್ ಶುರುವಾಯಿತು. ಅದು 40 ಗಂಟೆಯದಾಗಿತ್ತು. ಅರ್ಧ ವಿಡಿಯೊ, ಉಳಿದರ್ಧ ಓದು ಮತ್ತು ಚಟುವಟಿಕೆ, ಕೊನೆಗೆ ಪರೀಕ್ಷೆ. ಪಾಸಾದರೆ ಸಿಎಎಸ್ (ಕಾಯಂ ಅಧ್ಯಾಪಕರ ವೃತ್ತಿ ಮುನ್ನಡೆ ಯೋಜನೆ) ಬಡ್ತಿಗೆ ಒಂದು ರಿಫ್ರೆಶರ್ ಅಂತ ಲೆಕ್ಕವಾಗುತ್ತಿತ್ತು. ತಾಂತ್ರಿಕ ಶಿಕ್ಷಣದವರಿಗೆ ಎನ್‌ಐಟಿಟಿಟಿಆರ್ (ತಾಂತ್ರಿಕ ಅಧ್ಯಾಪಕರ ರಾಷ್ಟ್ರೀಯ ತರಬೇತಿ ಸಂಸ್ಥೆ) ನಡೆಸುವ ಎಂಟು ಮಾಡ್ಯೂಲ್‌ಗಳಿವೆ. ಅದರಲ್ಲಿ ಒಂದು ಪೂರ್ತಿ ಮಾಡ್ಯೂಲ್ ತಂತ್ರಜ್ಞಾನ ಬಳಸಿ ಕಲಿಸುವುದರ ಬಗ್ಗೆಯೇ ಇದೆ.

ಸ್ವಯಂ ಕೋರ್ಸ್ ಕಟ್ಟಿದ ಅನುಭವ ಇರುವವರು ನಮ್ಮಲ್ಲೇ ಇದ್ದಾರೆ. ಮ್ಯಾನೇಜ್‌ಮೆಂಟ್ ಕೋರ್ಸುಗಳ ಹೊಣೆ ಹೊತ್ತಿರುವುದು ಬೆಂಗಳೂರಿನ ಐಐಎಂ. ಮೈಸೂರು ವಿಶ್ವವಿದ್ಯಾಲಯದ ಇಎಂಆರ್‌ಸಿ (ಶೈಕ್ಷಣಿಕ ಮಲ್ಟಿಮೀಡಿಯ ಕೇಂದ್ರ) ಕೂಡ ಪಾಠದ ವಿಡಿಯೊಗಳನ್ನು ತಯಾರಿಸುತ್ತಾ ಬಂದಿದೆ. ಹತ್ತಿರದ ಕಾಲೇಜುಗಳು ಇಂಥವರನ್ನು ಒಂದು ದಿನದ ಭಾಷಣಕ್ಕೆ ಕರೆಯುವ ಬದಲು ಒಂದು ಯೂನಿಟ್ ತಯಾರಿಸಲು ಜೊತೆಗೆ ಕೂರಿಸಿಕೊಂಡರೆ ಹೆಚ್ಚು ಲಾಭ.

ನನಗೆ ಬಹಳ ಹಿಡಿಸಿದ ಮಾದರಿ ಐಐಟಿ ಬಾಂಬೆಯದು. ಐಸಿಟಿ ಮೂಲಕ ಶಿಕ್ಷಣ ಕೊಡುವ ಕೇಂದ್ರ ಸರ್ಕಾರದ ಎನ್‌ಎಂಇಐಸಿಟಿ ಯೋಜನೆಯಡಿ ಅವರು ‘ಟೀಚ್ 10,000 ಟೀಚರ್ಸ್’ ಅನ್ನುವ ಕಾರ್ಯಕ್ರಮ ನಡೆಸಿದರು. ಮುಂಬಯಿಯಲ್ಲಿ ಪಾಠ ನಡೆಯುತ್ತಿದ್ದರೆ ದೇಶದ ಬೇರೆ ಬೇರೆ ಎಂಜಿನಿಯರಿಂಗ್ ಕಾಲೇಜುಗಳ ಕೇಂದ್ರಗಳಲ್ಲಿ ಕೂತ ಅಧ್ಯಾಪಕರು ಎ-ವ್ಯೂ ಸಾಫ್ಟ್‌ವೇರ್ ಮೂಲಕ ನೇರವಾಗಿ ಪ್ರಶ್ನೆ ಕೇಳುತ್ತಿದ್ದರು. ಅದರಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಮುಖ್ಯ ಕಾರ್ಯಾಗಾರಕ್ಕೆ ಮೊದಲೇ ಪ್ರತಿ ಕೇಂದ್ರದ ಸಂಯೋಜಕರನ್ನು ಕರೆಸಿ ತಯಾರು ಮಾಡುತ್ತಿದ್ದರು. ಹಾಗಾಗಿ ಲ್ಯಾಬ್ ಹೊತ್ತಿನಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡರೆ ಅದೇ ಕೋಣೆಯಲ್ಲಿ ಕೈಹಿಡಿದು ತೋರಿಸುವವರು ಇರುತ್ತಿದ್ದರು.

ಆಮೇಲೆ ಅವರು ಐಐಟಿ ಬಾಂಬೆ ಎಕ್ಸ್ ವೇದಿಕೆಯಲ್ಲಿ ಅಧ್ಯಾಪಕರಿಗಾಗಿಯೇ ಐಸಿಟಿ ಕೋರ್ಸುಗಳನ್ನು ನಡೆಸಿದರು. ಅಲ್ಲಿಯ ಶಿಕ್ಷಣ ತಂತ್ರಜ್ಞಾನದವರು ರೂಪಿಸಿದ ಮಾದರಿಯಲ್ಲಿ ವಿಡಿಯೊ ಮಧ್ಯೆ ‘ರಿಫ್ಲೆಕ್ಷನ್ ಸ್ಪಾಟ್’ ಅಂತ ಬರುತ್ತದೆ. ಪಾಠ ಮಾಡುತ್ತಿರುವವರು ಒಂದು ಪ್ರಶ್ನೆ ಕೇಳಿ, ‘ಇಲ್ಲಿ ವಿಡಿಯೊ ನಿಲ್ಲಿಸಿ, ನಿಮ್ಮ ಉತ್ತರ ಬರೆದುಕೊಂಡು ಮುಂದುವರಿಸಿ’ ಅನ್ನುತ್ತಾರೆ. ಕೇಳಲು ತೀರಾ ಸಣ್ಣ ವಿಷಯ. ಆದರೆ ಐವತ್ತು ನಿಮಿಷದ ಭಾಷಣವನ್ನು ಹಾಗೇ ರೆಕಾರ್ಡ್ ಮಾಡಿ ಹಾಕುವವರಿಗೂ, ಎಂಟು ನಿಮಿಷಕ್ಕೆ ಒಮ್ಮೆ ನಿಲ್ಲಿಸಿ ಯೋಚನೆಗೆ ಹಚ್ಚುವವರಿಗೂ ಇರುವ ವ್ಯತ್ಯಾಸ ಇದೇ. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಡ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದ್ದರೆ ಸಾಕು.

ಬರೀ ಗುಂಡಿ ಒತ್ತುವುದನ್ನು ಕಲಿಯಲು ಕೂಡ ಒಳ್ಳೆಯ ಜಾಗಗಳಿವೆ. ಅದನ್ನು ಕೀಳಾಗಿ ಕಾಣಬೇಕಿಲ್ಲ. ಐಐಟಿ ಬಾಂಬೆಯದೇ ‘ಸ್ಪೋಕನ್ ಟ್ಯುಟೋರಿಯಲ್’ ಇದೆ. ಒಂದೊಂದು ಪಾಠ ಸುಮಾರು ಹತ್ತು ನಿಮಿಷ. ಪರದೆಯ ಒಂದು ಬದಿ ವಿಡಿಯೊ, ಇನ್ನೊಂದು ಬದಿ ಸಾಫ್ಟ್‌ವೇರ್ ಇಟ್ಟುಕೊಂಡು, ಅವರು ಮಾಡಿದಂತೆ ನಾವೂ ಮಾಡುತ್ತಾ ಹೋಗಬೇಕು. ಮೂಡಲ್ ಮೇಲೂ ಪಾಠಗಳಿವೆ. ಅನೇಕ ಪಾಠಗಳಿಗೆ ಕನ್ನಡ ಧ್ವನಿಯೂ ಇದೆ. ಮೂಡಲ್ ಅಕಾಡೆಮಿಯಲ್ಲಿ ಉಚಿತ ಕೋರ್ಸುಗಳಿವೆ. ಕಾಮನ್‌ವೆಲ್ತ್ ಆಫ್ ಲರ್ನಿಂಗ್ ಮತ್ತು ಕೆನಡಾದ ಅಥಬಾಸ್ಕಾ ವಿಶ್ವವಿದ್ಯಾಲಯ ಸೇರಿ 2017ರಿಂದ ತಂತ್ರಜ್ಞಾನ ಆಧಾರಿತ ಕಲಿಕೆಯ ಬಗ್ಗೆ ಶಿಕ್ಷಕರಿಗೆ ಉಚಿತ ಕೋರ್ಸ್ ನಡೆಸಿವೆ.

ಹೊಸಬರಿಗೆ ನಾನು ಮೊದಲು ಹೇಳುವುದು ಮೂಡಲ್‌ನ ‘ಸ್ಯಾಂಡ್‌ಬಾಕ್ಸ್’ ಬಗ್ಗೆ. ಅದು ಅಭ್ಯಾಸಕ್ಕೆಂದೇ ಇರುವ ಸೈಟು. ಟೀಚರ್ ಆಗಿ ಲಾಗಿನ್ ಆಗಿ ಏನು ಬೇಕಾದರೂ ಮಾಡಬಹುದು. ಗಂಟೆಗೊಮ್ಮೆ ಎಲ್ಲ ಅಳಿಸಿ ಮತ್ತೆ ಖಾಲಿ ಆಗುತ್ತದೆ. ಏನಾದರೂ ಕೆಟ್ಟುಹೋದರೆ ಅಂತ ಹೆದರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ವಿದ್ಯಾರ್ಥಿಗಳ ಎದುರು ತಡವರಿಸುವ ಭಯವೇ ಎಷ್ಟೋ ಜನರನ್ನು ತಡೆಯುತ್ತದೆ. ಯಾರೂ ನೋಡದ ಕಡೆ ನಾಲ್ಕು ಸಲ ತಪ್ಪು ಮಾಡಿದರೆ ಆ ಭಯ ತಾನಾಗಿ ಕರಗುತ್ತದೆ.

(ಮೂಡಲ್ ಹುಟ್ಟಿದ ಕಥೆಯೂ ಇಲ್ಲಿ ಹೇಳುವಂಥದ್ದೇ. 2002ರಲ್ಲಿ ಅದರ ಮೊದಲ ಆವೃತ್ತಿ ಹೊರತಂದ ಮಾರ್ಟಿನ್ ಡೂಜಿಯಾಮಾಸ್ ಬಾಲ್ಯದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಬೆಳೆದವರು. ಹತ್ತಿರದಲ್ಲಿ ಶಾಲೆ ಇಲ್ಲದ ಅವರಿಗೆ ಪಾಠ ಬರುತ್ತಿದ್ದದ್ದು ರೇಡಿಯೊ ಮೂಲಕ. ದೂರದಲ್ಲಿರುವ ವಿದ್ಯಾರ್ಥಿಯ ಕಷ್ಟ ಗೊತ್ತಿದ್ದವರು ಕಟ್ಟಿದ ಉಪಕರಣ ಅದು.)

ಇಷ್ಟೆಲ್ಲ ಇದ್ದೂ ತರಗತಿಗೆ ಯಾಕೆ ಬರುವುದಿಲ್ಲ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಮುಖ್ಯರು. 1980ರ ದಶಕದಿಂದ ಅವರು ಅಮೆರಿಕದ ಶಾಲಾ ಶಿಕ್ಷಕರ ತರಬೇತಿಯನ್ನು ಗಮನಿಸುತ್ತಾ ಬಂದರು. ವಿವರಿಸಿದರೆ ಶಿಕ್ಷಕರಿಗೆ ಅರ್ಥವಾಗುತ್ತದೆ. ಮಾಡಿ ತೋರಿಸಿದರೆ, ಅಭ್ಯಾಸ ಮಾಡಿಸಿದರೆ ಕೌಶಲವೂ ಬರುತ್ತದೆ. ಆದರೆ ಅದು ತರಗತಿಯಲ್ಲಿ ಬೇರೂರುವುದು ತರಬೇತಿಯ ನಂತರವೂ ಒಬ್ಬ ಸಹೋದ್ಯೋಗಿ ಜೊತೆಗಿದ್ದು, ಪಾಠ ನೋಡಿ, ಮತ್ತೆ ಮಾತಾಡಿದಾಗ ಮಾತ್ರ ಅಂತ ಅವರಿಗೆ ಕಂಡುಬಂತು. ನಮ್ಮ ಒಂದು ವಾರದ ಎಫ್‌ಡಿಪಿಯನ್ನು ಈ ಅಳತೆಗೆ ಹಿಡಿದು ನೋಡಿ. ಶನಿವಾರ ಸಮಾರೋಪ, ಗ್ರೂಪ್ ಫೋಟೊ, ಫೀಡ್‌ಬ್ಯಾಕ್ ಫಾರ್ಮ್, ಸರ್ಟಿಫಿಕೇಟ್. ಸೋಮವಾರ ಎಂದಿನ ವರ್ಕ್‌ಲೋಡ್. ಕಲಿತದ್ದನ್ನು ಮೊದಲ ಸಲ ಬಳಸುವಾಗ ಲಾಗಿನ್ ಆಗದಿದ್ದರೆ ಕೇಳಲು ಯಾರೂ ಇಲ್ಲ. ಕೆಲಸ ಅಲ್ಲೇ ನಿಲ್ಲುತ್ತದೆ.

ಹಾಗಾಗಿ ಒಂದು ತರಬೇತಿಗೆ ಸೇರುವ ಮೊದಲು ಎರಡೇ ಪ್ರಶ್ನೆ ಕೇಳಿದರೆ ಸಾಕು ಅನಿಸುತ್ತದೆ. ಮುಗಿಯುವ ಹೊತ್ತಿಗೆ ನನ್ನ ವಿಷಯದ, ನನ್ನ ಸಿಲಬಸ್‌ನ ಒಂದು ಯೂನಿಟ್ ತಯಾರಾಗಿರುತ್ತದಾ? ಅದನ್ನು ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸಿದ ಮೇಲೆ ಇನ್ನೊಮ್ಮೆ ಸೇರಿ ಮಾತಾಡುವ ವ್ಯವಸ್ಥೆ ಇದೆಯಾ? ಎರಡಕ್ಕೂ ‘ಹೌದು’ ಅನ್ನುವ ಎರಡು ದಿನದ ಕಾರ್ಯಾಗಾರ, ಎರಡಕ್ಕೂ ‘ಇಲ್ಲ’ ಅನ್ನುವ ಎರಡು ವಾರದ ಕಾರ್ಯಕ್ರಮಕ್ಕಿಂತ ಮೇಲು.

ಕನ್ನಡದಲ್ಲಿ ಪಾಠ ಮಾಡುವವರಿಗೆ ಇನ್ನೊಂದು ತೊಡಕಿದೆ. ಹೊರಗಿನ ಯಾವ ಕೈಪಿಡಿಯಲ್ಲೂ ಅದರ ಬಗ್ಗೆ ಇರುವುದಿಲ್ಲ. ನಮ್ಮ ಎಷ್ಟೋ ಉಪನ್ಯಾಸಕರ ನೋಟ್ಸ್ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿವೆ. ಅವರ ಕಂಪ್ಯೂಟರಿನಲ್ಲಿ ಅದು ಚಂದದ ಕನ್ನಡ. ಕಾಪಿ ಮಾಡಿ ಎಲ್‌ಎಂಎಸ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಆ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಮೊಬೈಲಿನಲ್ಲಿ ಒಳಗಿರುವ ಇಂಗ್ಲಿಷ್ ಅಕ್ಷರಗಳೇ ಹೊರಬೀಳುತ್ತವೆ. ಪರಿಹಾರ ಸುಲಭವಾಗಿಯೇ ಇದೆ. ಹಳೆಯ ಕಡತವನ್ನು ಯೂನಿಕೋಡ್‌ಗೆ (ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ವ್ಯವಸ್ಥೆ) ಬದಲಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ. ಹೊಸದನ್ನು ನೇರವಾಗಿ ಯೂನಿಕೋಡ್‌ನಲ್ಲೇ ಟೈಪ್ ಮಾಡಬಹುದು. ಒತ್ತಕ್ಷರ, ಅರ್ಕಾವತ್ತುಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ನೋಡಿಕೊಳ್ಳಬೇಕು. ಇದನ್ನು ಹೇಳಿಕೊಡಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಸಿಗದೆ ಇಡೀ ಉಪಕರಣದ ಮೇಲೆ ಬೇಸರಪಟ್ಟು ಬಿಟ್ಟವರು ಇದ್ದಾರೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕಿ ಸಮಸ್ಯೆ ತಪ್ಪಿಸಿಕೊಳ್ಳುವವರೂ ಇದ್ದಾರೆ. ಆದರೆ ಕಣ್ಣು ಕಾಣದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್‌ಗೆ ಆ ಪಿಡಿಎಫ್ ಬರೀ ಚಿತ್ರ. ಅದನ್ನು ಓದಿ ಹೇಳಲು ಅದಕ್ಕೆ ಆಗುವುದಿಲ್ಲ. ಯೂನಿಕೋಡ್ ಆದರೆ ಆಗುತ್ತದೆ.

ಭಾಷಾ ಪಾಠಕ್ಕೆ ಈ ಉಪಕರಣಗಳು ಬೇಡ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಹಳಗನ್ನಡದ ಒಂದು ಕಂದಪದ್ಯವನ್ನು ಪದ ಬಿಡಿಸಿ ಓದುವುದೇ ವಿದ್ಯಾರ್ಥಿಗಳಿಗೆ ಕಷ್ಟ. ಮೇಷ್ಟ್ರು ಒಮ್ಮೆ ಓದಿದ ಆಡಿಯೊ ಹಾಕಿ, ವಿದ್ಯಾರ್ಥಿಗಳು ತಮ್ಮ ಓದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸುವಂತೆ ಹೇಳಿದರೆ ಯಾರು ಎಲ್ಲಿ ತಪ್ಪಾಗಿ ಪದ ಒಡೆಯುತ್ತಾರೆ ಅಂತ ಕೇಳಿಯೇ ತಿಳಿಯಬಹುದು. ಎಂಬತ್ತು ಜನರ ತರಗತಿಯಲ್ಲಿ ಪ್ರತಿಯೊಬ್ಬರನ್ನೂ ಎಬ್ಬಿಸಿ ಓದಿಸಲು ಸಮಯ ಎಲ್ಲಿದೆ?

ಸಮಯದ ಮಾತು ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಆ ಸುರೇಶನ ಪ್ರಶ್ನೆಯಂಥ ಹತ್ತು ಒಳ್ಳೆಯ ಪ್ರಶ್ನೆ ತಯಾರಿಸಲು ಒಂದು ಇಡೀ ದಿನ ಬೇಕಾಗಬಹುದು. ಆ ದಿನ ಯಾರ ವರ್ಕ್‌ಲೋಡ್ ಲೆಕ್ಕದಲ್ಲೂ ಇರುವುದಿಲ್ಲ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ, ಬಡ್ತಿಗೆ ಲೆಕ್ಕಕ್ಕೆ ಬರುವುದು ಎಷ್ಟು ಕಾರ್ಯಕ್ರಮಕ್ಕೆ ಹಾಜರಾದರು ಅನ್ನುವ ಸಂಖ್ಯೆ. ಹಾಗಿರುವಾಗ ಜನ ಸರ್ಟಿಫಿಕೇಟ್ ಕಡೆಗೆ ಹೋಗುವುದು ಸಹಜ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊರುವ ಅತಿಥಿ ಉಪನ್ಯಾಸಕರ ಪರಿಸ್ಥಿತಿ ಇನ್ನೂ ಕಷ್ಟ. ಅವರಿಗೆ ಸಿಎಎಸ್ ಬಡ್ತಿ ಇಲ್ಲ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇವೆ ಅನ್ನುವ ಖಾತರಿಯೂ ಇಲ್ಲ. ತರಗತಿ ಬಿಟ್ಟು ತರಬೇತಿಗೆ ಹೋಗುವುದು ಅವರಿಗೆ ದುಬಾರಿ. ಆದರೂ ಮೊಬೈಲ್ ಹಿಡಿದು ಬೆಳೆದ ಕಿರಿಯರು ಅವರಲ್ಲೇ ಜಾಸ್ತಿ. ಕಾಲೇಜಿನ ತರಬೇತಿಯಲ್ಲಿ ಅವರನ್ನು ಬಿಟ್ಟುಬಿಡುವುದು ಅನ್ಯಾಯವೂ ಹೌದು, ಕಾಲೇಜಿಗೆ ನಷ್ಟವೂ ಹೌದು.

ಪ್ರಾಂಶುಪಾಲರು, ಐಕ್ಯೂಎಸಿಯವರು (ಕಾಲೇಜಿನ ಆಂತರಿಕ ಗುಣಮಟ್ಟ ಘಟಕದವರು) ದುಡ್ಡಿಲ್ಲದೆಯೂ ಮಾಡಬಹುದಾದ ಒಂದು ಕೆಲಸ ಇದೆ. ವಿಭಾಗದ ಒಬ್ಬ ಹಿರಿಯರು, ಒಬ್ಬ ಕಿರಿಯರನ್ನು ಜೋಡಿ ಮಾಡಿ, ವಾರಕ್ಕೆ ಒಂದು ಪೀರಿಯಡ್ ಟೈಮ್‌ಟೇಬಲ್‌ನಲ್ಲೇ ಬಿಡಿಸಿಕೊಡಬೇಕು. ಹಿರಿಯರು ವಿದ್ಯಾರ್ಥಿಗಳ ತಪ್ಪುಗಳ ಪಟ್ಟಿ ಹೇಳಲಿ, ಕಿರಿಯರು ಅದನ್ನು ಕ್ವಿಜ್ ಮಾಡಲಿ. ಇಡೀ ಸೆಮಿಸ್ಟರ್‌ಗೆ ಒಂದೇ ಯೂನಿಟ್ ಸಾಕು. ಯಾವ ಯೂನಿಟ್‌ನಲ್ಲಿ ವಿದ್ಯಾರ್ಥಿಗಳು ಜಾಸ್ತಿ ಫೇಲ್ ಆಗುತ್ತಾರೋ ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಕ್ವಿಜ್ ಬಿಡುವ ಮೊದಲು ಇಬ್ಬರೂ ವಿದ್ಯಾರ್ಥಿಯ ಲಾಗಿನ್‌ನಿಂದ, ಸಾಧಾರಣ ಮೊಬೈಲಿನಲ್ಲಿ, ವೈಫೈ ಆಫ್ ಮಾಡಿ ಒಮ್ಮೆ ಬರೆದು ನೋಡಬೇಕು. ಟೀಚರ್ ಪರದೆಯಲ್ಲಿ ಕಾಣದ ಎಷ್ಟೋ ತೊಡಕು ಆಗ ಕಣ್ಣಿಗೆ ಬೀಳುತ್ತವೆ.

ಹಾಗೆ ತಯಾರಾದ ಪ್ರಶ್ನೆಗಳು ಒಂದೇ ಕಾಲೇಜಿನಲ್ಲಿ ಉಳಿಯಬೇಕಾಗಿಯೂ ಇಲ್ಲ. ಮೂಡಲ್‌ನ ಪ್ರಶ್ನೆ ಕೋಶದಿಂದ ಫೀಡ್‌ಬ್ಯಾಕ್ ಸಮೇತ ಪ್ರಶ್ನೆಗಳನ್ನು ಒಂದು ಫೈಲ್ ಆಗಿ ಹೊರತೆಗೆದು ಇನ್ನೊಂದು ಮೂಡಲ್‌ಗೆ ಸೇರಿಸಬಹುದು. ಹಾವೇರಿಯ ಒಬ್ಬ ಉಪನ್ಯಾಸಕಿ ಬರೆದ ಜರ್ನಲ್ ಎಂಟ್ರಿ ಪ್ರಶ್ನೆಗಳನ್ನು ಬೀದರ್‌ನ ಇನ್ನೊಬ್ಬರು ಅದೇ ಸಂಜೆ ತಮ್ಮ ತರಗತಿಗೆ ಹಾಕಿಕೊಂಡು, ತಮ್ಮ ವಿದ್ಯಾರ್ಥಿಗಳ ಹೊಸ ತಪ್ಪೊಂದನ್ನು ಅದಕ್ಕೆ ಸೇರಿಸಿ ವಾಪಸ್ ಕಳಿಸಬಹುದು.